ಹೆಬ್ಬೆರಳು ಹೇಳಿದ ಟೈಮಿಂಗ್

‘ಐತವಾರದೊಳಗ ಚಾಲೂ ಆಗಲಿಲ್ಲಂದ್ರ ಸೋಮವಾರ ಗುಜರಿಗೆ’ ಅಂದಿದ್ದಳು ಅವ್ವ. ಬಬಲೇಶ್ವರದ ನಮ್ಮ ಅಂಗಳದಲ್ಲಿ ಅಪ್ಪನ ಅಂಬಾಸಡರ್ ಅವರು ಹೋದಾಗಿನಿಂದ ನಿಂತೇ ಇತ್ತು. ಕಂಪನಿಯೇ ಈ ಕಾರು ಮಾಡೋದನ್ನು 2014ರಲ್ಲಿ ನಿಲ್ಲಿಸಿದೆ. ರಜೆ ಹಾಕಿ ಬಂದ ನಾನು ವಿಡಿಯೊ ನೋಡಿ ಎಂಜಿನ್ ಜೋಡಿಸಿದೆ. ಪುಲ್ಲಿಯ ಗುರುತು ಸರಿಯಾಗೇ ಕೂತಿತ್ತು. ಚಾವಿ ತಿರುವಿದರೆ ಕಾರ್ಬುರೇಟರಿನಿಂದ ‘ಫಟ್’ ಅನ್ನೋ ಸದ್ದಷ್ಟೇ!

ವಿಜಯಪುರದಿಂದ ಬಂದ ಮೇಸ್ತ್ರಿ ಕಾಕಾ ನಕ್ಕರು. ‘ಗುರುತು ಅರ್ಧಾ ಖರೇ ಹೇಳ್ತೈತಿ ತಂಗಿ. ಪಿಸ್ಟನ್ ಎರಡು ಸಲ ಮ್ಯಾಲ ಬರ್ತೈತಿ. ಒಮ್ಮೆ ಒತ್ತಾಕ, ಒಮ್ಮೆ ಹೊಗಿ ಹೊರಗ ಹಾಕಾಕ.’

ಕ್ರ್ಯಾಂಕ್ ಎರಡು ಸುತ್ತು, ಅಂದ್ರೆ 720 ಡಿಗ್ರಿ ತಿರುಗಿದರೆ ಕ್ಯಾಮ್‌ಶಾಫ್ಟ್ ತಿರುಗೋದು ಒಂದೇ ಸುತ್ತು. 1 ಮತ್ತು 4ನೇ ಪಿಸ್ಟನ್ ಒಟ್ಟಿಗೇ ಮೇಲೇರುತ್ತವೆ. ಕಿಡಿ ಬೇಕಾದದ್ದು ಒತ್ತುತ್ತಿರುವುದಕ್ಕೆ ಮಾತ್ರ. ನಾನು ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಪ್ಪಾಗಿ ಕೂರಿಸಿದ್ದೆ.

ಕಾಕಾ ಕಾಯಿಲ್ ವಾಯರ್ ತೆಗೆದು, 1ನೇ ಪ್ಲಗ್ ಬಿಚ್ಚಿ, ‘ತೂತಿನ ಮ್ಯಾಲ ಹೆಬ್ಬಟ್ಟು ಇಡು’ ಅಂದು ಹ್ಯಾಂಡಲ್ ತಿರುವಿದರು. ಮೊದಲ ಸಲ ಏನೂ ಇಲ್ಲ. ಮುಂದಿನ ಸುತ್ತಿಗೆ ಗಾಳಿ ಬೆರಳನ್ನೇ ನೂಕಿತು. ಎರಡೂ ವಾಲ್ವ್ ಮುಚ್ಚಿದ್ದರೆ ಮಾತ್ರ ಹಾಗೆ ನೂಕೋದು. ಗುರುತು ಕೂಡಿಸಿ, ರೋಟರ್ ಅನ್ನು 1ನೇ ಪ್ಲಗ್ಗಿನ ವಾಯರಿನ ಕಡೆ ತಿರುಗಿಸಿ, ಉಳಿದ ವಾಯರ್‌ಗಳನ್ನು 1-3-4-2 ಕ್ರಮದಲ್ಲಿ ಹಾಕಿದೆವು. ಚಾಲೂ ಮಾಡುವ ಮುಂಚೆ ಕೈಯಿಂದಲೇ ಎರಡು ಸುತ್ತು ತಿರುಗಿಸಿ ನೋಡಿದೆವು, ಎಲ್ಲೂ ತಡೆಯಲಿಲ್ಲ.

ಐತವಾರ ಸಂಜೆ ಎಂಜಿನ್ ಗುರ್ ಅಂತು. ಒಳಗಿಂದ ಬಂದ ಅವ್ವ ಸೆರಗಿನಿಂದ ಸೀಟಿನ ಧೂಳು ಒರೆಸಿ ಕೂತು, ‘ತಿಕೋಟಾಕ ನಡಿ, ನಿನ್ನ ಮಾವಗ ತೋರಸೂಣು’ ಅಂದಳು. ಗುಜರಿಯವನಿಗೆ ಫೋನ್ ಹಚ್ಚಿ ‘ಬರಬ್ಯಾಡ್ರಿ’ ಅಂದದ್ದೂ ಅವಳೇ.