ಹಳೆಯ ಮನೆಯ ಜೀರ್ಣೋದ್ಧಾರ: ಎರಡು ಬೇಸಿಗೆಗಳ ಅನುಭವ

ನಮ್ಮ ಸೀಮೆಯ ಅಡಿಕೆ, ಕಾಫಿ ಬೆಳೆಗಾರರಲ್ಲಿ ಹಲವರ ಮನೆಗಳು ಎಂಬತ್ತು, ನೂರು ವರ್ಷ ದಾಟಿದಂಥವು. ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಮಂಗಳೂರು ಹೆಂಚಿನ ಮಾಡು, ನಡುವೆ ಅಂಗಳ. ಇಂಥ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟುವುದೋ, ಇದ್ದುದನ್ನೇ ದುರಸ್ತಿ ಮಾಡಿ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಪ್ರತಿ ಕುಟುಂಬದ ಮುಂದೆಯೂ ಬರುತ್ತದೆ. ಕೊಪ್ಪ ಸೀಮೆಯಲ್ಲಿರುವ ನಮ್ಮ ಹಿರಿಯರ ಚೌಕಿ ಮನೆಯನ್ನು ನಾವು ಎರಡು ಬೇಸಿಗೆಗಳಲ್ಲಿ ದುರಸ್ತಿ ಮಾಡಿಸಿದೆವು. ಕೆಲಸ ಅಂದುಕೊಂಡಂತೆ ಸಾಗಿದ್ದೂ ಉಂಟು, ಹಿಂದಕ್ಕೆ ಬಿದ್ದದ್ದೂ ಉಂಟು. ಇದೇ ಯೋಚನೆಯಲ್ಲಿರುವ ಸದಸ್ಯ ಬಾಂಧವರಿಗೆ ಉಪಯೋಗವಾದೀತೆಂದು ನಮಗೆ ತಿಳಿದು ಬಂದ ಸಂಗತಿಗಳನ್ನು ಕ್ರಮವಾಗಿ ಇಲ್ಲಿ ಬರೆದಿದ್ದೇವೆ.

ಮೊದಲು ಕಾಗದಪತ್ರ

ಹೆಂಚು ಇಳಿಸುವ ಮೊದಲು ಇತ್ಯರ್ಥವಾಗಬೇಕಾದದ್ದು ಹಕ್ಕಿನ ವಿಚಾರ. ಒಬ್ಬರು ಮನೆಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಅಕ್ಕತಂಗಿಯರು ಗಂಡನ ಮನೆಗಳಲ್ಲಿ, ಖಾತೆ ಮಾತ್ರ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿ. ಇದು ಎಷ್ಟೋ ಮನೆಗಳ ಸ್ಥಿತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂದಿದೆ. ವಾಸದ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದಿದ್ದ 23ನೇ ಕಲಮೂ ಆಗಲೇ ರದ್ದಾಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹೀಗಿರುವಾಗ ಒಬ್ಬರೇ ಕೈಯಿಂದ ಹಣ ಹಾಕಿ ಮನೆ ಸರಿಮಾಡಿಸಿ, ಮುಂದೆ ಪಾಲಿನ ಮಾತು ಬಂದಾಗ ಮನಸ್ತಾಪಕ್ಕೆ ಸಿಕ್ಕಿಕೊಳ್ಳುವುದು ಬೇಡ.

ನಮ್ಮಲ್ಲಿ ಐವರು ಒಡಹುಟ್ಟಿದವರೂ ಒಂದು ದಿನ ಕೂತು ಮಾತಾಡಿದೆವು. ಬೆಂಗಳೂರಿನಲ್ಲಿರುವ ತಮ್ಮ ಕೆಡವಿ ಕಟ್ಟುವುದೇ ಲೇಸೆಂದ. ಅಕ್ಕ, "ದುಡ್ಡು ಬೇಡ, ಹಬ್ಬಕ್ಕೆ ಬಂದರೆ ಮಲಗಲು ಒಂದು ಕೋಣೆ ಇರಲಿ" ಎಂದರು. ಎಂಬತ್ತೆರಡು ವರ್ಷದ ಅಮ್ಮ ಮಾತ್ರ, ತಾವು ಇರುವ ತನಕ ಗೋಡೆಗೆ ಹಾರೆ ಹಾಕಕೂಡದೆಂದರು. ಎರಡೂ ಬಗೆಯ ಕೆಲಸಕ್ಕೆ ಅಂದಾಜು ಪಟ್ಟಿ ತರಿಸಿ ಎದುರಿಗಿಟ್ಟ ಮೇಲೆ ತಮ್ಮನೂ ದುರಸ್ತಿಗೆ ಒಪ್ಪಿದ. ಯಾರು ಎಷ್ಟು ಹಾಕುವುದು, ಯಾರಿಗೆ ಯಾವ ಕೋಣೆಯ ಉಪಯೋಗ ಎಂಬುದನ್ನು ವಕೀಲರ ಮುಖಾಂತರ ಬರೆಸಿ ಎಲ್ಲರೂ ರುಜು ಹಾಕಿದೆವು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ ಭಾಗ ಇದು. ಆದರೆ ಇದಿಲ್ಲದೆ ಉಳಿದದ್ದು ನಿಲ್ಲುತ್ತಿರಲಿಲ್ಲ.

ಒಂದು ಮಳೆಗಾಲ ನೋಡುವುದು

ಹಳೆಯ ಮನೆಯ ರೋಗಕ್ಕೆಲ್ಲ ಮೂಲ ನೀರು. ಆದುದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಮಳೆಗಾಲ ಪೂರ್ತಿ ನೀರಿನ ದಾರಿಯನ್ನು ಗಮನಿಸಿ ಪುಸ್ತಕದಲ್ಲಿ ಬರೆದಿಡುವುದು ಒಳಿತು. ಎಲ್ಲಿ ಸೋರುತ್ತದೆ, ಯಾವ ಗೋಡೆ ಎಷ್ಟು ಎತ್ತರಕ್ಕೆ ತೇವವಾಗುತ್ತದೆ, ಅಂಗಳದ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಬೇಸಿಗೆಯಲ್ಲಿ ಬಂದು ನೋಡುವ ಮೇಸ್ತ್ರಿಗೆ ಕಾಣುವುದಿಲ್ಲ.

ಮಲೆನಾಡಿನ ಮನೆಗಳು ಹೆಚ್ಚಾಗಿ ಗುಡ್ಡದ ಬದಿ ಕಡಿದು ಕಟ್ಟಿದವು. ಹಿಂಬದಿಯ ಧರೆಯಿಂದ ಪ್ರತಿ ವರ್ಷ ಜಾರಿದ ಮಣ್ಣು ಗೋಡೆಯ ಬುಡದಲ್ಲಿ ಶೇಖರವಾಗಿ, ಕೊನೆಗೆ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಮೇಲಾಗಿರುತ್ತದೆ. ನಮ್ಮ ಅಡಿಗೆಮನೆಯ ಹಿಂದೆ ಹೀಗೆ ಏರಿದ ಮಣ್ಣು ಒಂದೂವರೆ ಅಡಿ ಇತ್ತು. ಅದನ್ನು ತೆಗೆಸಿ, ಧರೆಗೂ ಗೋಡೆಗೂ ನಡುವೆ ಇಳಿಜಾರಾದ ಕಲ್ಲಿನ ಚರಂಡಿ ಮಾಡಿಸಿದ ಮೇಲೆ, ಬೇರೆ ಏನೂ ಮಾಡದೆಯೇ ಆ ಗೋಡೆಯ ತೇವ ಅರ್ಧಕ್ಕೆ ಇಳಿಯಿತು.

ಮಾಡಿನ ಕೆಲಸ

ಅಡಿಕೆ ಸುಲಿದು ಮುಗಿದು, ಕಾಫಿ ಕೊಯ್ಲು ತೀರಿದ ಮೇಲೆಯೇ ನಮಗೆ ಆಳೂ ಸಿಗುತ್ತದೆ, ಅಂಗಳವೂ ಖಾಲಿಯಾಗುತ್ತದೆ. ಮಾಡು ಬಿಚ್ಚಲು ಇರುವುದು ಫೆಬ್ರವರಿಯಿಂದ ಮೇ ತನಕದ ಅವಧಿ ಮಾತ್ರ. ಅದರಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಬೇಕೇಬೇಕಾದ ಹೂ ಮಳೆ ಬರುತ್ತದೆ. ತೋಟಕ್ಕೆ ಬಂಗಾರವಾದ ಆ ಮಳೆ ಬಿಚ್ಚಿದ ಮನೆಗೆ ಶತ್ರು. ಹೀಗಾಗಿ ಇಡೀ ಮಾಡನ್ನು ಒಮ್ಮೆಗೇ ಬಿಚ್ಚದೆ ಒಂದೊಂದು ಅಂಕಣವಾಗಿ ಬಿಚ್ಚಿ ಮುಗಿಸುತ್ತಾ ಹೋಗತಕ್ಕದ್ದು.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ಘಟ್ಟ ಹತ್ತಿ ನಮ್ಮ ಊರುಗಳಿಗೆ ಬಂತು. ಹಳೆಯ ಹೆಂಚನ್ನು ಹಳತೆಂದು ಎಸೆಯಬಾರದು. ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯಂತೆ ನಾದ ಬಂದರೆ ಅದು ಗಟ್ಟಿ. ಮಂಕಾಗಿ ಸದ್ದಾದರೆ ಒಳಗೆ ಬಿರುಕು. ಪಾಚಿ ಉಜ್ಜಿ ತೊಳೆದರೆ ಗಟ್ಟಿ ಹೆಂಚು ಪುನಃ ಉಪಯೋಗಕ್ಕೆ ಬರುತ್ತದೆ. ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಬೇರೆ. ಹೊಸದನ್ನು ಹಳೆಯದರ ನಡುವೆ ಸೇರಿಸಿದರೆ ಕಚ್ಚು ಸರಿಯಾಗಿ ಕೂರದೆ ಅಲ್ಲೇ ಸೋರುತ್ತದೆ. ಉಳಿದ ಹಳೆಯ ಹೆಂಚನ್ನೆಲ್ಲ ಒಂದು ಇಳಿಜಾರಿಗೆ, ಹೊಸದನ್ನು ಇನ್ನೊಂದು ಇಳಿಜಾರಿಗೆ ಹೊದಿಸುವುದೇ ಸರಿಯಾದ ದಾರಿ. ಹೊಸ ಹೆಂಚಿನ ಅಳತೆ ಕೈಯಲ್ಲಿ ಹಿಡಿದ ಮೇಲೆಯೇ ರೀಪು ಹೊಡೆಸಬೇಕು. ನೂರು ಚದರ ಅಡಿಗೆ ಸುಮಾರು 150 ಹೆಂಚು ಎಂದು ಲೆಕ್ಕ ಹಿಡಿಯಬಹುದು.

ಹಿಂದಕ್ಕೆ ಬಿದ್ದ ಕೆಲಸ

ಮೊದಲ ಬೇಸಿಗೆಯಲ್ಲಿ ವಾಯವ್ಯ ಮೂಲೆಗೆ ಬರುವ ತನಕ ಎಲ್ಲವೂ ಸಲೀಸಾಗಿತ್ತು. ಅಲ್ಲಿ ಹೆಂಚು ಇಳಿಸಿದಾಗ, ಗೋಡೆಯ ತಲೆಯ ಮೇಲೆ ಪಕಾಸಿಗಳನ್ನು ಹೊತ್ತು ಮಲಗಿದ್ದ ಅಡ್ಡಮರ ಹೊರಗೆ ಬಣ್ಣ ಸಹಿತ ನೆಟ್ಟಗೆ ಕಾಣುತ್ತಿದ್ದರೂ ಒಳಗೆ ಪೂರಾ ಟೊಳ್ಳು. ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಒರಲೆ, ಗೋಡೆಯೊಳಗಿಂದಲೇ ದಾರಿ ಮಾಡಿಕೊಂಡು ಮೇಲೇರಿತ್ತು. ಬದಲಿ ಮರ ಹೊಂದಿಸುವಷ್ಟರಲ್ಲಿ ಆಚಾರಿಗಳು ಮುಂಚೆ ಒಪ್ಪಿದ್ದ ಬೇರೆ ಕೆಲಸಕ್ಕೆ ಹೋದರು. ಇಪ್ಪತ್ತು ದಿನದ ಅಂಕಣ ಎರಡು ತಿಂಗಳಿಗೆ ಬೆಳೆಯಿತು.

ಅಷ್ಟರಲ್ಲಿ ಒಂದು ಸಂಜೆ ಗಾಳಿ ಸಹಿತ ಮಳೆ ಬಂತು. ಕಟ್ಟಿದ್ದ ಟಾರ್ಪಾಲು ಗಾಳಿಗೆ ಹರಿದು, ಒಂದು ರಾತ್ರಿ ನೆನೆದ ಮಣ್ಣಿನ ಗೋಡೆ ಆರು ಅಡಿ ಉದ್ದಕ್ಕೆ ಒಳಮುಖವಾಗಿ ಕುಸಿಯಿತು. ಅದು ಅಮ್ಮ ಮಲಗುವ ಕೋಣೆ. ಆ ಅಂಕಣ ಬಿಚ್ಚುವ ಮೊದಲೇ ಅವರ ಮಂಚವನ್ನು ಜಗಲಿ ಕೋಣೆಗೆ ಸಾಗಿಸಿದ್ದರಿಂದ ಹೋದದ್ದು ಗೋಡೆ ಮಾತ್ರ. ಮೇಲೆ ಕೆಲಸ ನಡೆಯುವ ಅಂಕಣದಲ್ಲಿಯೂ ಅದರ ಪಕ್ಕದ ಅಂಕಣದಲ್ಲಿಯೂ ಯಾರನ್ನೂ ಮಲಗಿಸಕೂಡದು. ಈ ಒಂದು ಮಾತನ್ನು ಓದುಗರು ಮರೆಯಬಾರದೆಂದು ಕೋರುತ್ತೇವೆ.

ಬಿದ್ದ ಮಣ್ಣನ್ನು ನಾವು ಹೊರಗೆ ಹಾಕಲಿಲ್ಲ. ಅದನ್ನೇ ಪುಡಿಮಾಡಿ, ಹುಲ್ಲು ಕತ್ತರಿಸಿ ಸೇರಿಸಿ, ನೀರು ಹಾಕಿ ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು, ಒಂದೊಂದು ವರಸೆ ಒಣಗಿದ ಮೇಲೆ ಇನ್ನೊಂದು ಇಟ್ಟು ಗೋಡೆ ಎಬ್ಬಿಸಿದೆವು. ಹಳೆಯ ಗೋಡೆಗೆ ಅದೇ ಮಣ್ಣು ಹೊಂದುವಷ್ಟು ಇನ್ನೊಂದು ಹೊಂದುವುದಿಲ್ಲ. ನಡುವೆ ಸಿಮೆಂಟು ಇಟ್ಟಿಗೆ ತುಂಬಿದರೆ ಕೂಡುವ ಜಾಗದಲ್ಲಿ ಬಿರುಕು ಬರುತ್ತದೆ.

ಮರದ ಬಗ್ಗೆ ಒಂದು ಮಾತು. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸಾಮಾನ್ಯವಾಗಿ ಕಡಿಯಲು ಅನುಮತಿ ಬೇಕು. ಅನುಮತಿಗೂ ಮರ ಒಣಗುವುದಕ್ಕೂ ತಿಂಗಳುಗಟ್ಟಲೆ ಹಿಡಿಯುವುದರಿಂದ ಹಿಂದಿನ ವರ್ಷವೇ ಅರ್ಜಿ ಕೊಡುವುದು ಲೇಸು. ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದ್ದರೂ ಅದು ಹುಳುವಿಗೆ ಬೇಗ ತುತ್ತಾಗುವ ಮರ. ಭಾರ ಹೊರುವ ಜಾಗಕ್ಕೆ ಸಲ್ಲದು. ಕೆಡವಿದ ಮನೆಗಳ ಹಳೆಯ ತೊಲೆ ಸಿಕ್ಕಿದರೆ ಅದಕ್ಕಿಂತ ಉತ್ತಮವಿಲ್ಲ.

ಗೋಡೆ ಮತ್ತು ಸುಣ್ಣ

ಎರಡನೆಯ ಬೇಸಿಗೆ ಗೋಡೆಗಳಿಗೆ ಹೋಯಿತು. ಹಿಂದಿನ ತಲೆಮಾರಿನಲ್ಲಿ ಎಲ್ಲೆಡೆ ನಡೆದಂತೆ ನಮ್ಮ ಮನೆಗೂ ನಾಲ್ಕು ಅಡಿ ಎತ್ತರಕ್ಕೆ ಸಿಮೆಂಟು ಗಾರೆ ಬಳಿಸಲಾಗಿತ್ತು. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವ ಹೀರುವುದು, ಅದು ಮೈಯಿಂದ ಆರಿಹೋಗುವುದು ಸಹಜ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಮೇಲಕ್ಕೆ ಏರುತ್ತದೆ. ಹಿಂದಿನ ಮಣ್ಣು ಮೆತ್ತಗಾಗಿ ಗಾರೆ ಹಲಗೆಯಂತೆ ಎದ್ದು ಬರುತ್ತದೆ. ಅದರ ಮೇಲೆ ಪುನಃ ಸಿಮೆಂಟು ಬಳಿಯುವುದು ವ್ಯರ್ಥ ಖರ್ಚು. ಎದ್ದ ಗಾರೆ ತೆಗೆಸಿ, ಗೋಡೆಯನ್ನು ಚೆನ್ನಾಗಿ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಬೇಕು.

ಸುಣ್ಣ ಅರಳಿಸುವುದನ್ನು ಬೋರ್ಡೋ ದ್ರಾವಣ ಮಾಡುವ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿಯಂತೆ ಇಲ್ಲಿಯೂ ಹರಳು ಸುಣ್ಣವೇ ಬೇಕು. ಗಾಳಿಗೆ ಪುಡಿಯಾದದ್ದು ಸಲ್ಲದು. ಅರಳಿಸಿ ಸೋಸಿ ನೀರಿನಡಿ ಕೆಲವು ವಾರ ಇಟ್ಟಷ್ಟೂ ಸುಣ್ಣ ನುಣುಪಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವದ ಜಾಗಕ್ಕೆ ಮರಳಿನ ಬದಲು ಸ್ವಲ್ಪ ಇಟ್ಟಿಗೆ ಪುಡಿ. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವುದರಿಂದ ಬಿಸಿಲು ನೇರ ಬೀಳದಂತೆ ಗೋಣಿ ಇಳಿಬಿಟ್ಟು ಹಲವು ದಿನ ತೇವವಾಗಿಡಬೇಕು. ಮಳೆಗಾಲ ಹತ್ತಿರವಾದ ಮೇಲೆ ಈ ಕೆಲಸ ಹಿಡಿಯಬಾರದು.

ಒರಲೆ, ಔಷಧಿ, ವಿದ್ಯುತ್ತು

ಒರಲೆಗೆ ಮೊದಲ ಔಷಧಿ ಎಂದರೆ ಗೋಡೆಗೆ ತಾಗಿಸಿ ಸೌದೆ, ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ ಪೇರಿಸದಿರುವುದು. ನಂತರ ಗೋಡೆಯ ಬುಡದಲ್ಲಿ ಸುಮಾರು ಒಂದು ಅಡಿಗೊಂದರಂತೆ ರಂಧ್ರ ಕೊರೆದು ಔಷಧಿ ತುಂಬುವ ಕ್ರಮವಿದೆ. ಇದನ್ನು ಬಲ್ಲವರಿಂದಲೇ ಮಾಡಿಸಬೇಕು. ಬಾವಿಯ ಹತ್ತಿರ ಕೂಡದು. ಹಳೆಯ ಅಟ್ಟ ಕೆದಕುವಾಗ ಬಿ.ಎಚ್.ಸಿ. ಪುಡಿಯ ಡಬ್ಬಿಗಳು ಸಿಗುವುದುಂಟು. ಅದರ ಬಳಕೆ 1997ರಿಂದ ನಿಷಿದ್ಧ. ಇದ್ದದ್ದು ಹಾಳಾಗದಿರಲೆಂದು ಮರಕ್ಕೆ ಎರಚುವುದಾಗಲಿ, ಹಳ್ಳಕ್ಕೆ ಸುರಿಯುವುದಾಗಲಿ ಕೂಡದು. ಮಕ್ಕಳ ಕೈಗೆ ಸಿಗದಂತೆ ಬೇರೆ ಇರಿಸಿ ಕೃಷಿ ಇಲಾಖೆಯವರನ್ನು ವಿಚಾರಿಸಬೇಕು.

ಮರದ ಪಟ್ಟಿಯ ಮೇಲೆ ಓಡಿದ ಹಳೆಯ ವಯರಿಂಗು, ಅದರ ಪಕ್ಕದಲ್ಲೇ ಒಣಗಿದ ಅಡಿಕೆ ಚೀಲ: ಬೆಂಕಿಗೆ ಇಷ್ಟೇ ಸಾಕು. ಇದನ್ನು ಪೂರ್ತಿ ತೆಗೆಸಿ, ಸರಿಯಾದ ಅರ್ಥಿಂಗ್ ಸಹಿತ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಿದೆವು. ತೇವದ ಗೋಡೆಯ ಮನೆಗಳಲ್ಲಿ ಜೀವ ಉಳಿಸುವ ಸಾಧನವದು.

ಅಟ್ಟದ ಭಾರವನ್ನೂ ಲೆಕ್ಕ ಹಾಕಬೇಕು. 65 ಕೆ.ಜಿ. ತೂಗುವ ಐವತ್ತು ಚೀಲವೆಂದರೆ ಮೂರು ಟನ್ನಿಗೂ ಮೇಲು. ಅದನ್ನು ಹೊರುವ ತೊಲೆಗಳ ಗೋಡೆಯೊಳಗಿನ ತುದಿಯನ್ನು ಚಾಣದಿಂದ ಕುಕ್ಕಿ ಪರೀಕ್ಷಿಸದೆ ಚೀಲ ಏರಿಸಬಾರದು. ನಮ್ಮಲ್ಲಿ ಹನ್ನೊಂದು ತೊಲೆಗಳ ಪೈಕಿ ಎರಡರ ತುದಿ ಹೋಗಿತ್ತು. ಅವಕ್ಕೆ ಕೆಳಗಿನಿಂದ ಕಂಬ ಕೊಡಿಸಿದ್ದೇವೆ.

ಖರ್ಚು ಮತ್ತು ಉಳಿದ ಕೆಲಸ

ಹಳೆಯ ಮನೆಯಲ್ಲಿ ಬಿಚ್ಚುವ ತನಕ ನಿಜ ಗೊತ್ತಾಗುವುದಿಲ್ಲ. ವಾಯವ್ಯ ಮೂಲೆಯೊಂದರಿಂದಲೇ ನಮ್ಮ ಖರ್ಚು ಅಂದಾಜಿಗಿಂತ ಮೂರನೇ ಒಂದು ಪಾಲು ಹೆಚ್ಚಾಯಿತು. ಅಂದಾಜಿನ ಪ್ರತಿ ನೂರು ರೂಪಾಯಿಗೆ ಕನಿಷ್ಠ ಮೂವತ್ತು ರೂಪಾಯಿ ಬೇರೆ ತೆಗೆದಿಟ್ಟೇ ಕೆಲಸ ಶುರು ಮಾಡಬೇಕು. ಮುಂದಿನ ಫಸಲಿನ ಧಾರಣೆ ನಂಬಿ ಸಾಲ ಮಾಡುವುದು ಸಲ್ಲದು. ಹಣ ಸಾಲದಿದ್ದರೆ ಮೊದಲು ಚರಂಡಿ, ನಂತರ ಮಾಡು, ಆಮೇಲೆ ಗೋಡೆ, ಕೊನೆಗೆ ನೆಲ ಮತ್ತು ಬಣ್ಣ. ಈ ಕ್ರಮ ತಪ್ಪಿಸದೆ ವರ್ಷಕ್ಕೊಂದು ಭಾಗ ಮಾಡಿದರೂ ನಷ್ಟವಿಲ್ಲ.

ನಮ್ಮ ಮನೆಯಲ್ಲಿ ಕೊಟ್ಟಿಗೆ ಮಗ್ಗುಲಿನ ಮಾಡು, ಬಚ್ಚಲ ಗೋಡೆ ಇನ್ನೂ ಬಾಕಿ ಇವೆ. ಅಮ್ಮ ಹೊಸ ಗೋಡೆಯ ಕೋಣೆಗೆ ಮರಳಿದ್ದಾರೆ. ಸುಣ್ಣದ ಗಾರೆ, ಕಂಬ ಕೊಟ್ಟ ತೊಲೆ ಮುಂತಾದುವನ್ನು ಕಣ್ಣಾರೆ ನೋಡಬಯಸುವ ಸದಸ್ಯರು ಸಂಘದ ಕಚೇರಿಯಲ್ಲಿ ತಿಳಿಸಿದರೆ, ಕೊಯ್ಲಿನ ಕಾಲ ಬಿಟ್ಟು ಯಾವಾಗ ಬಂದರೂ ಸಂತೋಷದಿಂದ ತೋರಿಸುತ್ತೇವೆ.