ಬಾಣಲೆ ಇಳಿಸಿ, ನೀವೂ ಬಂದು ಕೂತ್ಕೊಳ್ಳಿ!

ಭಾನುವಾರ ಸಂಜೆ. ಮನೆಗೆ ನೆಂಟರು ಬಂದಿದ್ದಾರೆ. ಹಾಲ್‌ನಲ್ಲಿ ಮಾತು, ನಗು, ಗಣಿ ನಡೆಯುತ್ತಿದ್ದ ಕಾಲದ ಹಳೇ ಕಥೆಗಳು. ನೀವೆಲ್ಲಿದ್ದೀರಿ? ಅಡುಗೆಮನೆಯಲ್ಲಿ, ಕಾದ ಎಣ್ಣೆ ಮುಂದೆ! ಒಂದು ಒಬ್ಬೆ ಬಜ್ಜಿ ತೆಗೆಯುವಷ್ಟರಲ್ಲಿ ಮೊದಲಿನ ತಟ್ಟೆ ಖಾಲಿ. ಕೊನೆಗೆ ಬೆವರು ಒರೆಸಿಕೊಂಡು ನೀವು ಬಂದು ಕೂರುವ ಹೊತ್ತಿಗೆ ಅವರು ಚಪ್ಪಲಿ ಹುಡುಕುತ್ತಿರುತ್ತಾರೆ. ‘ನೀವು ಮಾತಿಗೇ ಸಿಗಲಿಲ್ಲವಲ್ಲಾ’ ಅಂತ ಒಂದು ಮಾತು ಬೇರೆ!

ವಾರದ ದಿನಗಳ ಪಾಡೂ ಅಷ್ಟೇ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲಿಗೆ ಅಂಟಿಕೊಂಡಿದೆ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಬಂಗಾರಪೇಟೆಯಲ್ಲಿ ಬೆಳಿಗ್ಗೆ ಹತ್ತಿದವರು ಇಳಿಯುವುದು ಕತ್ತಲಾದ ಮೇಲೆ. ಬಂದವರಿಗೆ ಆ ಕ್ಷಣಕ್ಕೆ ಏನಾದರೂ ಬೇಕು. ಆ ರೈಲಿನಲ್ಲಿ ಇಳಿದು ಬಂದವರು ನೀವೇ ಆಗಿದ್ದರಂತೂ ಒಲೆ ಹಚ್ಚುವುದೇ ಬೇಡ ಅನಿಸುತ್ತದೆ, ಅಲ್ಲವೇ?

ಇದಕ್ಕೊಂದು ಉಪಾಯ ರಷ್ಯಾದ ಅಡುಗೆಮನೆಯಲ್ಲಿದೆ. ಹೆಸರು ‘ಜಕೂಸ್ಕಿ’. ಅಂದರೆ ಊಟಕ್ಕೆ ಮುಂಚೆ ಇಡುವ ಸಣ್ಣಪುಟ್ಟ ತಿನಿಸುಗಳು. ಕೊರೆಯುವ ಚಳಿಯಲ್ಲಿ, ಕೆಟ್ಟ ರಸ್ತೆಯಲ್ಲಿ ದೂರದಿಂದ ಬರುವ ಅತಿಥಿ ಎಷ್ಟು ಹೊತ್ತಿಗೆ ತಲುಪುತ್ತಾನೋ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಹೆಚ್ಚಿನವನ್ನು ಮೊದಲೇ ಮಾಡಿ, ತಣ್ಣಗೆ ಮೇಜಿನ ಮೇಲೆ ಜೋಡಿಸಿಡುವುದು ರೂಢಿ. ಅಲ್ಲಿ ವೋಡ್ಕಾ ಜೊತೆಗೂ ಇವೇ. ನಮಗೆ ಟೀ ಸಾಕು, ಆಮೇಲೆ ಮುದ್ದೆ-ಸಾರು ಇದ್ದೇ ಇದೆ!

‘ಅಯ್ಯೋ, ರಷ್ಯಾದ ಸಾಮಾನು ಎಲ್ಲಿಂದ ತರೋದು’ ಅಂತೀರಾ? ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋದರೆ ಸಾಕು ಕಣ್ರೀ. ಬೀಟ್‌ರೂಟ್, ಆಲೂಗಡ್ಡೆ, ಕ್ಯಾರೆಟ್, ಸೌತೆ, ಬದನೆ, ಜೊತೆಗೆ ನಮ್ಮ ಕೋಲಾರದ ಟೊಮೆಟೊ. ರಷ್ಯನ್ನರು ಕೈತುಂಬ ಬಳಸುವ ‘ಉಕ್ರೋಪ್’ ಸೊಪ್ಪು ಯಾವುದು ಗೊತ್ತೇ? ನಾವು ಅಕ್ಕಿರೊಟ್ಟಿಗೆ ಹಾಕುವ ಸಬ್ಬಸಿಗೆ! ಅವರ ಸೂರ್ಯಕಾಂತಿ ಎಣ್ಣೆಯೂ ನಮಗೆ ಹೊಸದಲ್ಲ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ತಂದ ತಳಿಗಳಿಂದಲೇ ನಮ್ಮ ದೇಶದಲ್ಲಿ ಎಣ್ಣೆಗಾಗಿ ಸೂರ್ಯಕಾಂತಿ ಬೆಳೆಯುವುದು ಶುರುವಾಯಿತು.

ಉಪ್ಪುನೀರಿನ ಸೌತೆ

ಬೇಕಾಗುವ ಸಾಮಗ್ರಿ: ಎಳೆ ಸಣ್ಣ ಸೌತೆ ಅರ್ಧ ಕೆಜಿ, ನೀರು 1 ಲೀಟರ್, ಕಲ್ಲುಪ್ಪು 50 ಗ್ರಾಂ, ಬೆಳ್ಳುಳ್ಳಿ 6 ಎಸಳು, ಸಬ್ಬಸಿಗೆ ಒಂದು ಹಿಡಿ, ಕಾಳುಮೆಣಸು 8.

ವಿಧಾನ: ನೀರಿಗೆ ಉಪ್ಪು ಹಾಕಿ ಕುದಿಸಿ ಪೂರ್ತಿ ಆರಿಸಿ. ಸೌತೆ ತೊಳೆದು ಎರಡೂ ತುದಿ ಕತ್ತರಿಸಿ. ಶುಭ್ರವಾದ ಗಾಜಿನ ಜಾಡಿಯಲ್ಲಿ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಮೆಣಸು, ಸೌತೆ ಜೋಡಿಸಿ, ಮುಳುಗುವಂತೆ ನೀರು ಸುರಿಯಿರಿ. ಬಟ್ಟೆ ಕಟ್ಟಿ ಹೊರಗಿಡಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ. ಆಮೇಲೆ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ನೀರು ಸ್ವಲ್ಪ ಮಬ್ಬಾದರೆ ಗಾಬರಿ ಬೇಡ. ಕೆಟ್ಟ ವಾಸನೆ ಬಂದರೆ, ಬೂಷ್ಟು ಕಂಡರೆ ಮಾತ್ರ ಯೋಚಿಸದೆ ಚೆಲ್ಲಿಬಿಡಿ. ಬಿಪಿ ಇರುವ ಹಿರಿಯರಿಗೆ ಒಂದೆರಡು ಹೋಳು ಸಾಕು.

ಅಂದಹಾಗೆ, 1990ರ ದಶಕದಿಂದ ಕರ್ನಾಟಕದ ರೈತರು ಬೆಳೆಯುತ್ತಿರುವ ಮಿಡಿಸೌತೆ ಹೀಗೇ ಉಪ್ಪುನೀರಿನಲ್ಲಿ ಕೂತು ರಷ್ಯಾಕ್ಕೂ ಹೋಗುತ್ತದೆ!

ವಿನೆಗ್ರೆಟ್

ಇದು ನಮ್ಮ ಕೋಸಂಬರಿಯ ದೂರದ ಅಕ್ಕ ಅನ್ನಿ. ಮೊಟ್ಟೆಯೂ ಇಲ್ಲ, ಮಾಂಸವೂ ಇಲ್ಲ.

ಬೇಕಾಗುವ ಸಾಮಗ್ರಿ: ಬೀಟ್‌ರೂಟ್ 2, ಆಲೂಗಡ್ಡೆ 3, ಕ್ಯಾರೆಟ್ 2, ಬೆಂದ ಬಟಾಣಿ ಅರ್ಧ ಕಪ್, ಈರುಳ್ಳಿ 1, ಮೇಲಿನ ಉಪ್ಪುಸೌತೆ 2, ಸೂರ್ಯಕಾಂತಿ ಎಣ್ಣೆ 3 ದೊಡ್ಡ ಚಮಚ.

ವಿಧಾನ: ಆಲೂಗಡ್ಡೆ, ಕ್ಯಾರೆಟ್ ಸಿಪ್ಪೆ ಸಮೇತ ಬೇಯಿಸಿ. ಬೀಟ್‌ರೂಟ್ ಬೇಯಲು ಹೆಚ್ಚು ಹೊತ್ತು ಬೇಕು, ಬಣ್ಣವೂ ಬಿಡುತ್ತದೆ, ಹಾಗಾಗಿ ಬೇರೆ ಬೇಯಿಸಿ. ಎಲ್ಲ ಆರಿದ ಮೇಲೆ ಸಿಪ್ಪೆ ತೆಗೆದು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಈಗ ಗುಟ್ಟು ಕೇಳಿ: ಬೀಟ್‌ರೂಟ್ ಹೋಳಿಗೆ ಮಾತ್ರ ಮೊದಲು ಎಣ್ಣೆ ಹಚ್ಚಿ ಕಲಸಿ. ಆಗ ಅದರ ಬಣ್ಣ ಉಳಿದವಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಆಮೇಲೆ ಎಲ್ಲ ಸೇರಿಸಿ. ಸೌತೆಯಲ್ಲಿ ಉಪ್ಪು ಇರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಿ.

ಬದನೆಕಾಯಿ ‘ಇಕ್ರಾ’

ಇಕ್ರಾ ಅಂದರೆ ಮೀನಿನ ಮೊಟ್ಟೆ, ಅದೇ ದುಬಾರಿ ಕ್ಯಾವಿಯರ್. ಅದು ಕೈಗೆಟುಕದವರು ಬದನೆಯಲ್ಲೇ ಇಕ್ರಾ ಮಾಡಿಕೊಂಡರು!

ಬೇಕಾಗುವ ಸಾಮಗ್ರಿ: ದಪ್ಪ ಬದನೆಕಾಯಿ 2, ಈರುಳ್ಳಿ 1, ತುರಿದ ಕ್ಯಾರೆಟ್ 1, ಟೊಮೆಟೊ 2, ಬೆಳ್ಳುಳ್ಳಿ 4 ಎಸಳು, ಎಣ್ಣೆ 3 ದೊಡ್ಡ ಚಮಚ, ಉಪ್ಪು, ಮೆಣಸಿನ ಪುಡಿ, ಚಿಟಿಕೆ ಸಕ್ಕರೆ.

ವಿಧಾನ: ಬದನೆ ಸುಟ್ಟು ಸಿಪ್ಪೆ ತೆಗೆದು ಕಿವುಚಿ. ಎಣ್ಣೆಯಲ್ಲಿ ಈರುಳ್ಳಿ, ಕ್ಯಾರೆಟ್ ಬಾಡಿಸಿ, ಟೊಮೆಟೊ ಹಾಕಿ ಕರಗಿಸಿ. ಬದನೆ, ಉಪ್ಪು, ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ 15 ನಿಮಿಷ ಕೈಯಾಡಿಸಿ. ಕೊನೆಗೆ ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಇಳಿಸಿ. ತಣ್ಣಗಾದ ಮೇಲೆ ಬ್ರೆಡ್ ಮೇಲೆ ಹಚ್ಚಿ ಕೊಡಿ. ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ. ಉಳಿದರೆ ಬೆಳಿಗ್ಗೆ ಚಪಾತಿಗೂ ಆಯಿತು.

ಒಲಿವಿಯೆ

ಮದುವೆ ಬಫೆಯಲ್ಲಿ ‘ರಷ್ಯನ್ ಸಲಾಡ್’ ಅಂತ ತಿಂದಿರುತ್ತೀರಿ. 1860ರ ದಶಕದಲ್ಲಿ ಮಾಸ್ಕೋದ ಹರ್ಮಿಟೇಜ್ ರೆಸ್ಟೋರೆಂಟಿನ ಲೂಸಿಯನ್ ಒಲಿವಿಯೆ ಮಾಡಿದ್ದು ಮಾಂಸದ ದುಬಾರಿ ಸಲಾಡ್. ಸೋವಿಯತ್ ಕಾಲದಲ್ಲಿ ಅದು ಮನೆಮನೆಯ ಹೊಸ ವರ್ಷದ ತಿನಿಸಾಯಿತು. ಬೆಂದ ಆಲೂಗಡ್ಡೆ, ಕ್ಯಾರೆಟ್, ಬಟಾಣಿ, ಉಪ್ಪುಸೌತೆಯ ಹೋಳು, ತಿನ್ನುವವರಾದರೆ ಎರಡು ಬೆಂದ ಮೊಟ್ಟೆ. ಮಯೊನೀಸ್ ಬೇಡವೆಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಸ್ವಲ್ಪ ಮೆಣಸು, ಸಾಸಿವೆ ಪುಡಿ ಹಾಕಿ ಕಲಸಿ. ಇದೊಂದನ್ನು ಮಾತ್ರ ಬಡಿಸುವವರೆಗೂ ಫ್ರಿಜ್‌ನಲ್ಲೇ ಇಡಿ. ನಮ್ಮ ಸೆಕೆಗೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಹಸಿ ಮೊಟ್ಟೆಯ ಮಯೊನೀಸ್ ಮನೆಯಲ್ಲಿ ಮಾಡುವ ಸಾಹಸವೂ ಬೇಡ.

ಯಾವಾಗ ಏನು?

* ಶುಕ್ರವಾರ ರಾತ್ರಿ: ಸೌತೆ ಜಾಡಿಗೆ.
* ಶನಿವಾರ: ಇಕ್ರಾ ಮಾಡಿ ಫ್ರಿಜ್‌ಗೆ.
* ಭಾನುವಾರ ಬೆಳಿಗ್ಗೆ: ತರಕಾರಿ ಒಟ್ಟಿಗೆ ಬೇಯಿಸಿಡಿ. ಗ್ಯಾಸೂ ಉಳಿತಾಯ.
* ಮಧ್ಯಾಹ್ನ: ಹೆಚ್ಚಿ ಕಲಸಿ. ಹೆಚ್ಚುವ ಕೆಲಸ ಮಕ್ಕಳಿಗೂ ಅವರ ಅಪ್ಪನಿಗೂ ಹಂಚಿ!

ಬಂಗಾರಪೇಟೆ ಪಾನಿಪುರಿ ಅಂಗಡಿಯವರನ್ನು ಗಮನಿಸಿದ್ದೀರಾ? ತಿಳಿನೀರಿನಂತೆ ಕಾಣುವ ಆ ಖಾರದ ಪಾನಿ ಮೊದಲೇ ಸಿದ್ಧ. ಗಿರಾಕಿ ಬಂದ ಮೇಲೆ ಜೋಡಿಸಿ ಕೊಡೋದಷ್ಟೇ. ಅದಕ್ಕೇ ಎಷ್ಟು ಜನ ಮುತ್ತಿದರೂ ಅವರಿಗೆ ಗಡಿಬಿಡಿಯಿಲ್ಲ.

ಬಜ್ಜಿ ಬೇಡವೇ ಬೇಡ ಅಂತಲ್ಲ. ಮಳೆ ಬಂದ ದಿನ ಖಂಡಿತ ಮಾಡಿ. ಆದರೆ ಮುಂದಿನ ಭಾನುವಾರ ನೆಂಟರು ಬೆಲ್ ಮಾಡಿದಾಗ ಒಲೆ ಆರಿರಲಿ, ತಟ್ಟೆಗಳು ಜೋಡಿಸಿರಲಿ. ಅವರ ಪಕ್ಕದಲ್ಲಿ ಒಂದು ಕುರ್ಚಿ ನಿಮಗೂ ಇರಲಿ.