ಕಂಪ್ಯೂಟರ್ ಸೈನ್ಸ್ ಓದದವರು ಸಾಫ್ಟ್‌ವೇರ್ ಕೆಲಸಕ್ಕೆ ಸೇರಬಹುದೇ?

ಸಾಫ್ಟ್‌ವೇರ್ ಕೆಲಸಕ್ಕೆ ಕಂಪ್ಯೂಟರ್ ಸೈನ್ಸ್ ಪದವಿಯೇ ಬೇಕೆಂಬ ನಿಯಮ ಎಲ್ಲ ಕಡೆಯೂ ಇಲ್ಲ. ಭಾರತದ ದೊಡ್ಡ ಐಟಿ ಕಂಪನಿಗಳು ಮೆಕ್ಯಾನಿಕಲ್, ಸಿವಿಲ್ ಓದಿದವರನ್ನೂ ಸೇರಿಸಿಕೊಂಡು ತಿಂಗಳುಗಟ್ಟಲೆ ತರಬೇತಿ ಕೊಡುತ್ತ ಬಂದಿವೆ. ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ ಇದಕ್ಕೇ ಹೆಸರಾಗಿದೆ.

ಸ್ವಂತ ಕಲಿಕೆಗೆ 1991ರಲ್ಲಿ ಬಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸುಲಭದ ಆರಂಭ. ಆದರೆ ಪಾಠದ ವಿಡಿಯೊ ನೋಡಿದಷ್ಟಕ್ಕೆ ಕೋಡ್ ಬರೆಯಲು ಬರುವುದಿಲ್ಲ. ಊರಿನ ಹಾಲಿನ ಡೇರಿಯ ಲೆಕ್ಕ ಇಡುವಂಥ ಪುಟ್ಟ ಪ್ರೋಗ್ರಾಮನ್ನು ಪೂರ್ತಿ ಮುಗಿಸಲು ಹೊರಟಾಗಲೇ ಮಾಹಿತಿ ಎಲ್ಲಿ ಉಳಿಯಬೇಕು, ತಪ್ಪು ಅಂಕಿ ಬಂದರೆ ಏನಾಗಬೇಕು, ಇಬ್ಬರು ಒಟ್ಟಿಗೆ ಬಳಸಿದರೆ ಹೇಗೆ ಎಂಬ ನಿಜವಾದ ಪ್ರಶ್ನೆಗಳು ಎದುರಾಗುತ್ತವೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ಸಾಧನದಲ್ಲಿ ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಟ್ಟರೆ, ಸಂದರ್ಶನ ಮಾಡುವವರಿಗೆ ಅಭ್ಯರ್ಥಿಯ ಕೆಲಸ ಬೆಳೆದ ಬಗೆಯೂ ಕಾಣುತ್ತದೆ.